ಯಾರದೋ ಟ್ಯಾಗ್ ನಿಮ್ಮ ಬೆನ್ನು ಹತ್ತಿದೆಯೇ? ಪತ್ತೆ ಮಾಡುವ ಬಗೆ

ಅಪರಿಚಿತ ಏರ್‌ಟ್ಯಾಗ್ (ವಸ್ತು ಎಲ್ಲಿದೆ ಎಂದು ಮಾಲೀಕರ ಫೋನಿಗೆ ತೋರಿಸುವ ಆ್ಯಪಲ್‌ನ ಪುಟ್ಟ ಬಿಲ್ಲೆ) ನಿಮ್ಮ ಜೊತೆ ಸಾಗುತ್ತಿದೆ ಎಂಬ ಸೂಚನೆ ಮೊಬೈಲಿಗೆ ಬಂದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಅದರಲ್ಲಿರುವ ಮ್ಯಾಪ್‌ನಲ್ಲಿ ಟ್ಯಾಗ್ ನಿಮ್ಮ ಜೊತೆ ಎಲ್ಲೆಲ್ಲಿ ಕಂಡುಬಂತು ಎಂಬುದು ಇರುತ್ತದೆ. ಬ್ಯಾಟರಿ ಕೀಳುವುದು ಕೊನೆಯ ಕೆಲಸ.

ಟ್ಯಾಗ್ ಬ್ಲೂಟೂತ್ ಮೂಲಕ ಒಂದು ಗುರುತನ್ನು ಸಾರುತ್ತಲೇ ಇರುತ್ತದೆ. ಮಾಲೀಕರ ಫೋನ್ ಹತ್ತಿರವಿದ್ದರೆ ಆ ಗುರುತು ಸುಮಾರು 15 ನಿಮಿಷಕ್ಕೊಮ್ಮೆ ಬದಲಾಗುತ್ತದೆ, ದೂರವಾದರೆ 24 ಗಂಟೆಗೊಮ್ಮೆ. ಹಾಗಾಗಿಯೇ ಒಂದೇ ಗುರುತು ಬೇರೆ ಬೇರೆ ಜಾಗಗಳಲ್ಲಿ ಹಿಂಬಾಲಿಸುವುದನ್ನು ನಿಮ್ಮ ಫೋನ್ ಗಮನಿಸಬಲ್ಲದು. ಇದರ ದೊಡ್ಡ ಕೊರತೆಯೂ ಇಲ್ಲೇ ಇದೆ: ಟ್ಯಾಗ್ ಇಟ್ಟವರು ನಿಮ್ಮ ಮನೆಯಲ್ಲೇ ಇದ್ದರೆ ಅದು ಆಗಾಗ ಅವರ ಫೋನಿನ ಹತ್ತಿರವೇ ಇರುವುದರಿಂದ ಸೂಚನೆ ತಡವಾಗಬಹುದು, ಬಾರದೆಯೂ ಇರಬಹುದು.

2024ರ ಮೇ ತಿಂಗಳಲ್ಲಿ ಆ್ಯಪಲ್ ಮತ್ತು ಗೂಗಲ್ ಒಟ್ಟಾಗಿ ತಂದ ವ್ಯವಸ್ಥೆಯಿಂದ ಐಒಎಸ್ 17.5 ಮತ್ತು ಆಂಡ್ರಾಯ್ಡ್ 6ರ ನಂತರದ ಫೋನ್‌ಗಳೆರಡರಲ್ಲೂ ಈ ಸೂಚನೆ ಸಿಗುತ್ತದೆ. ಬ್ಲೂಟೂತ್, ಲೊಕೇಶನ್ ಎರಡೂ ಆನ್ ಇರಲಿ. ಐಫೋನ್‌ನಲ್ಲಿ ನೋಟಿಫಿಕೇಶನ್ಸ್ ಒಳಗಿನ ಟ್ರ್ಯಾಕಿಂಗ್ ನೋಟಿಫಿಕೇಶನ್ಸ್ ಕೂಡ ಆನ್ ಇರಬೇಕು.

ಅನುಮಾನವಿದ್ದರೆ ಸೂಚನೆಗೆ ಕಾಯಬೇಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ, ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್ ತೆರೆದು ಸ್ಕ್ಯಾನ್ ನೌ ಒತ್ತಿ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಟ್ಯಾಗ್ ಕೂಡ ಪಟ್ಟಿಯಲ್ಲಿ ಕಾಣಬಹುದು. ಆದ್ದರಿಂದ ಜನ ಕಡಿಮೆ ಇರುವ, ಆದರೆ ಸುರಕ್ಷಿತವಾದ ಬಯಲಿಗೆ ಹೋಗಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಅಲ್ಲೂ ಅದೇ ಕಂಡರೆ ಅದು ನಿಮ್ಮ ಬಳಿಯೇ ಇದೆ. ಎರವಲು ತಂದ ಬ್ಯಾಗು, ಸ್ನೇಹಿತರ ಸ್ಕೂಟರಿನ ಕೀ ಇವುಗಳಲ್ಲಿ ಅವರದೇ ಟ್ಯಾಗ್ ಇದ್ದೀತು, ಒಮ್ಮೆ ಕೇಳಿ ನೋಡಿ.

ಮುಂದೆ ಪ್ಲೇ ಸೌಂಡ್ ಒತ್ತಿ. ಸದ್ದು ಬರಲಿಲ್ಲವೆಂದು ನಿರಾಳರಾಗಬೇಡಿ. ಸ್ಪೀಕರ್ ಕಿತ್ತಿಟ್ಟ ಟ್ಯಾಗ್‌ಗಳೂ ಇವೆ. ಏರ್‌ಟ್ಯಾಗ್‌ನ ಅಗಲ ಸುಮಾರು 32 ಮಿಲಿಮೀಟರ್, ದಪ್ಪ 8. ಬ್ಯಾಗಿನ ಅಸ್ತರು, ಸ್ಕೂಟರ್ ಸೀಟಿನ ಅಡಿ, ಡಿಕ್ಕಿ, ನಂಬರ್ ಪ್ಲೇಟಿನ ಹಿಂದೆ ಕೈಯಾಡಿಸಿ ಹುಡುಕಿ.

ಸಿಕ್ಕರೆ, ಎನ್‌ಎಫ್‌ಸಿ (ತಾಗಿಸಿದರೆ ಮಾಹಿತಿ ಓದುವ ಸೌಲಭ್ಯ) ಇರುವ ಫೋನಿನ ಹಿಂಬದಿಗೆ ಅದರ ಬಿಳಿ ಮುಖವನ್ನು ತಾಗಿಸಿ. ತೆರೆಯುವ ಪುಟದಲ್ಲಿ ಸೀರಿಯಲ್ ನಂಬರ್ ಇರುತ್ತದೆ, ಮಾಲೀಕರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಗಳೂ ಇರಬಹುದು. ಎಲ್ಲದರ ಫೋಟೊ ತೆಗೆಯಿರಿ. ಆ ಸೀರಿಯಲ್ ನಂಬರ್ ಹಿಡಿದು ಪೊಲೀಸರು ಕಾನೂನು ಪ್ರಕಾರ ಕಂಪನಿಯಿಂದ ಖಾತೆಯ ವಿವರ ಕೇಳಬಹುದು.

ಸ್ಟೀಲ್ ಮುಚ್ಚಳವನ್ನು ಒತ್ತಿ ಎಡಕ್ಕೆ ತಿರುಗಿಸಿದರೆ ಸಿಆರ್2032 ಬ್ಯಾಟರಿ ಹೊರಬರುತ್ತದೆ. ಅದನ್ನು ತೆಗೆದ ಕೂಡಲೇ ಹೊಸ ಲೊಕೇಶನ್ ಹೋಗುವುದು ನಿಲ್ಲುತ್ತದೆ, ಇಟ್ಟವರಿಗೂ ಅದು ಗೊತ್ತಾಗಬಹುದು. ಅವರಿಂದ ಅಪಾಯವಿದೆ ಅನ್ನಿಸಿದರೆ ಬ್ಯಾಟರಿ ತೆಗೆಯುವ ಮೊದಲೇ 112ಕ್ಕೆ ಕರೆ ಮಾಡಿ, ಮನೆಗೆ ಹೋಗದೆ ನೇರ ಠಾಣೆಗೆ ಹೋಗಿ.

ಸಿಮ್ ಹಾಕಿದ ಜಿಪಿಎಸ್ ಟ್ರ್ಯಾಕರ್‌ಗಳ ಬಗ್ಗೆ ಈ ಸೂಚನೆ ಬರುವುದಿಲ್ಲ, ಏಕೆಂದರೆ ಅವು ಲೊಕೇಶನ್ ಕಳಿಸುವುದು ಮೊಬೈಲ್ ನೆಟ್‌ವರ್ಕ್ ಮೂಲಕ. ಕಾರಿನ ಒಬಿಡಿ ಪೋರ್ಟ್ (ದೋಷ ಪತ್ತೆಯ ಯಂತ್ರ ಜೋಡಿಸುವ ಕಿಂಡಿ), ಬ್ಯಾಟರಿಯ ವೈರಿಂಗ್ ಇವನ್ನು ಮೆಕ್ಯಾನಿಕ್ ಹತ್ತಿರ ತೋರಿಸಿ.