ಮನೆಯಲ್ಲೇ ಇಂಜಿನ್ ಆಯಿಲ್ ಬದಲಿಸುವುದು: ತುಕ್ಕು ಹಿಡಿದ ಬೋಲ್ಟ್, ಇಳಿಜಾರಿನ ಅಂಗಳ, ಹಳೆ ಆಯಿಲ್ಲಿನ ವಿಲೇವಾರಿ

ಆಯಿಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಒಂದು ಬೋಲ್ಟ್, ಒಂದು ಫಿಲ್ಟರ್, ಮೂರು ಮೂರೂವರೆ ಲೀಟರ್ ಆಯಿಲ್, ಅಷ್ಟೇ. ಜೀವಕ್ಕೆ ಅಪಾಯವಿರುವುದು ಕಾರಿನ ಅಡಿಗೆ ನುಗ್ಗುವುದರಲ್ಲಿ. ಕಾರವಾರ, ಅಂಕೋಲಾದಲ್ಲಾಗಲಿ, ಮೇಲೆ ಶಿರಸಿ, ಸಿದ್ದಾಪುರದ ಕಡೆಗಾಗಲಿ, ಎಲ್ಲರ ಮನೆಮುಂದೆಯೂ ಸಮತಟ್ಟಾದ ಕಾಂಕ್ರೀಟ್ ನೆಲ ಇರುವುದಿಲ್ಲ. ಹಾಗಾಗಿ ಪಾನಾ ಹುಡುಕುವ ಮೊದಲು ಜಾಗ ಹುಡುಕಿ.

ಜಾಗ, ಜಾಕ್, ಸ್ಟ್ಯಾಂಡ್

ನೆಲ ಮಟ್ಟಸವಾಗಿ, ಗಟ್ಟಿಯಾಗಿ, ಒಣಗಿರಬೇಕು. ಮಳೆಗಾಲದಲ್ಲಿ ಮಣ್ಣಿನ ಅಂಗಳ ನೀರು ಕುಡಿದು ಮೆತ್ತಗಾಗಿರುತ್ತದೆ. ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತುಕೊಳ್ಳುತ್ತದೆ, ಕಾರು ವಾಲುತ್ತದೆ. ಬೇಸಿಗೆಯಲ್ಲೂ ಮಣ್ಣಿನ ನೆಲವಾದರೆ ಪ್ರತಿ ಸ್ಟ್ಯಾಂಡಿನಡಿ ಅದರ ಬುಡಕ್ಕಿಂತ ಅಗಲವಾದ ದಪ್ಪ ಪ್ಲೈವುಡ್ ಹಾಕಿ. ಅಡಿಕೆ ಒಣಗಿಸುವ ಅಂಗಳ ಬೇಡವೇ ಬೇಡ. ಒಟ್ಟಾರೆ ಈ ಕೆಲಸವನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಮುಗಿಸುವುದು ಜಾಣತನ.

ಕಾರಿನ ಜೊತೆ ಕೊಟ್ಟಿರುವ ಜಾಕ್ ಚಕ್ರ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಇನ್ನೊಂದು, ನಮ್ಮ ಕಡೆ ಸುಲಭಕ್ಕೆ ಸಿಗುವುದು ಚಿರೆಕಲ್ಲು ಮತ್ತು ಸಿಮೆಂಟ್ ಬ್ಲಾಕ್. ಕಾರಿಗೆ ಆನಿಕೆಯಾಗಿ ಇವೆರಡನ್ನೂ ಇಡಬೇಡಿ. ಗೋಡೆಯಲ್ಲಿ ಭಾರ ಕಲ್ಲಿನ ಮೇಲೆ ಹರಡಿಕೊಂಡಿರುತ್ತದೆ. ಕಾರಿನ ಅಂಚಿನಲ್ಲಾದರೆ ಪೂರ್ತಿ ಭಾರ ಎರಡು ಬೆರಳಿನಷ್ಟು ಜಾಗದ ಮೇಲೆ ಬೀಳುತ್ತದೆ, ಕಲ್ಲು ಸುಳಿವನ್ನೇ ಕೊಡದೆ ಸಿಡಿಯುತ್ತದೆ. 2 ಟನ್ ತಡೆಯುವ ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೋಡಿ ಕೊಳ್ಳಿ, ಇಲ್ಲವೇ ಮುಂದಿನ ಚಕ್ರ ಹತ್ತಿಸುವ ರ‍್ಯಾಂಪ್ ಬಳಸಿ.

ನಮ್ಮ ಸಣ್ಣ ಕಾರುಗಳು ಬಹುತೇಕ ಮುಂದಿನ ಚಕ್ರದಿಂದ ಎಳೆಯುವಂಥವು. ಮುಂಭಾಗ ಎತ್ತಿದ ಮೇಲೆ ಗೇರಿನಲ್ಲಿ ನಿಲ್ಲಿಸಿಯೂ ಪ್ರಯೋಜನವಿಲ್ಲ, ಆ ಚಕ್ರಗಳು ನೆಲ ಮುಟ್ಟಿರುವುದೇ ಇಲ್ಲ. ಕಾರನ್ನು ಹಿಡಿದಿಡುವುದು ಹ್ಯಾಂಡ್‌ಬ್ರೇಕ್ ಮತ್ತು ಹಿಂದಿನ ಚಕ್ರಗಳ ಹಿಂದೆ ಮುಂದೆ ಕೊಟ್ಟ ಅಡೆ, ಇವೆರಡೇ. ಅಡೆಗೆ ದಪ್ಪ ಮರದ ತುಂಡು ಸಾಕು. ಮಾಲೀಕರ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಕೂರಿಸಿ, ಭಾರವನ್ನು ಸ್ಟ್ಯಾಂಡಿಗೆ ಇಳಿಸಿ. ಆಮೇಲೆ ಪಕ್ಕಕ್ಕೆ ನಿಂತು ಕಾರನ್ನು ಕೈಯಿಂದ ಚೆನ್ನಾಗಿ ಅಲ್ಲಾಡಿಸಿ ನೋಡಿ. ಕದಲಿದರೆ ಇಳಿಸಿ ಮತ್ತೆ ಮಾಡಿ. ಕೆಲಸ ಮುಗಿಯುವವರೆಗೆ ಮನೆಯವರೊಬ್ಬರು ಕರೆದರೆ ಕೇಳುವಷ್ಟು ಹತ್ತಿರ ಇರಲಿ.

ಯಾವ ಆಯಿಲ್, ಎಷ್ಟು

ಇದಕ್ಕೆ ಕೈಪಿಡಿಯದ್ದೇ ಕೊನೆಯ ಮಾತು. ಈಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 (ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡ್), ಫಿಲ್ಟರ್ ಸೇರಿ ಸುಮಾರು 3ರಿಂದ 3.5 ಲೀಟರ್. ಘಟ್ಟ ಹತ್ತಿಳಿಯುವ ಕಾರು ಎಂದು ಅಂಗಡಿಯವರು ದಪ್ಪ ಆಯಿಲ್ ಹೇಳಿದರೆ ಒಪ್ಪಬೇಡಿ; ದೇವಿಮನೆ ಘಟ್ಟದ ಏರನ್ನೂ ಕೈಪಿಡಿಯ ಗ್ರೇಡ್ ತಡೆಯುತ್ತದೆ. ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಸಾಮಾನ್ಯ ಡೀಸೆಲ್ ಆಯಿಲ್ ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತು ಕಟ್ಟಿಕೊಳ್ಳುತ್ತದೆ, ಅದರ ಖರ್ಚು ಹಲವು ವರ್ಷದ ಆಯಿಲ್ಲಿಗಿಂತ ಹೆಚ್ಚು. ಖುಲ್ಲಾ ಆಯಿಲ್ ಕೊಳ್ಳಬೇಡಿ, ಸೀಲ್ ಒಡೆಯದ ಡಬ್ಬಿಯೇ ಇರಲಿ.

ಜೊತೆಗೆ ಬೇಕಾದ್ದು: ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ (ಇಂಜಿನ್ನಿನ ಅಡಿಯಲ್ಲಿ ಹಳೆ ಆಯಿಲ್ ಬಸಿಯಲು ಬಿಚ್ಚುವ ಬೋಲ್ಟ್) ಹೊಸ ವಾಷರ್, 6 ಲೀಟರಿಗೆ ಕಡಿಮೆಯಿಲ್ಲದ ಅಗಲ ಟ್ರೇ, ಫನೆಲ್, ನೈಟ್ರೈಲ್ ಗ್ಲೌಸ್, ಕನ್ನಡಕ, ಹಳೆ ಬಟ್ಟೆ, ಒಂದಿಷ್ಟು ಮರದ ಹುಡಿ.

ಬೋಲ್ಟ್ ಬಿಚ್ಚುವುದು

ಸಮುದ್ರದ ಹತ್ತಿರ ನಿಲ್ಲುವ ಕಾರಿನಲ್ಲಿ ಬೋಲ್ಟಿನ ತಲೆ ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ತಂತಿ ಬ್ರಷ್‌ನಿಂದ ಉಜ್ಜಿ, ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಕೂರಿಸಿ ತಿರುಗಿಸಿ. ಬಾಯಿ ತೆರೆದ ಪಾನಾ ಎರಡೇ ಮೂಲೆ ಹಿಡಿಯುತ್ತದೆ, ಜಾರಿದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ತಲೆಗೆ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಸಡಿಲ. ಕೆಳಗೆ ಮಲಗಿದಾಗ ದಿಕ್ಕು ತಪ್ಪಿ ಇನ್ನಷ್ಟು ಬಿಗಿ ಮಾಡುವವರೇ ಹೆಚ್ಚು.

ಅದಕ್ಕೂ ಮೊದಲು ಅದು ಇಂಜಿನ್ನಿನ ಬೋಲ್ಟೇ ಹೌದೋ ನೋಡಿಕೊಳ್ಳಿ. ಗೇರ್‌ಬಾಕ್ಸಿಗೂ ಅಂಥದ್ದೇ ಒಂದು ಡ್ರೈನ್ ಬೋಲ್ಟ್ ಪಕ್ಕದಲ್ಲಿರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಚೆಲ್ಲಿ, ಹಳೆ ಆಯಿಲ್ ತುಂಬಿರುವ ಇಂಜಿನ್ನಿಗೇ ಇನ್ನೂ ಮೂರು ಲೀಟರ್ ಸುರಿದರೆ ಎರಡಕ್ಕೂ ಹಾನಿ.

ಇಂಜಿನ್ ಉಗುರುಬೆಚ್ಚಗಿದ್ದರೆ ಆಯಿಲ್ ಸರಾಗ ಇಳಿಯುತ್ತದೆ. ಕಾರು ತಣ್ಣಗಿದ್ದರೆ, ಜಾಕ್ ಕೊಟ್ಟು ಎತ್ತುವ ಮೊದಲೇ ಇಂಜಿನ್ನನ್ನು ಐದು ನಿಮಿಷ ಓಡಿಸಿ ಆಫ್ ಮಾಡಿ, ಕಾಲು ಗಂಟೆ ಬಿಡಿ. ಘಟ್ಟ ಹತ್ತಿ ಬಂದ ತಕ್ಷಣ ಬಿಚ್ಚಿದರೆ ಆಯಿಲ್ ಕೈ ಸುಡುತ್ತದೆ, ಪಕ್ಕದ ಸೈಲೆನ್ಸರ್ ಪೈಪ್ ಇನ್ನೂ ಜೋರಾಗಿ ಸುಡುತ್ತದೆ.

ಮೇಲಿನ ಆಯಿಲ್ ಮುಚ್ಚಳ ತೆಗೆದಿಡಿ. ಬೋಲ್ಟ್ ಸಡಿಲಾದ ಮೇಲೆ ಕೈಯಿಂದ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೆಯ ಸುತ್ತಿಗೆ ಸರಕ್ಕನೆ ಪಕ್ಕಕ್ಕೆ ಎಳೆಯಿರಿ. ಆಯಿಲ್ ಮೊದಲು ಕೆಳಕ್ಕಲ್ಲ, ಅಡ್ಡಕ್ಕೆ ಚಿಮ್ಮುತ್ತದೆ. ಟ್ರೇ ಆ ಕಡೆಗೆ ಚಾಚಿರಲಿ. ಹರಿವು ದಾರದಷ್ಟಾದಾಗ ಕಡಲಗಾಳಿ ಅದನ್ನು ಟ್ರೇಯಿಂದಾಚೆ ತೂರುತ್ತದೆ, ಆದ್ದರಿಂದ ಕರಾವಳಿಯಲ್ಲಿ ಈ ಕೆಲಸ ಬೆಳಿಗ್ಗೆಯೇ ಆಗಲಿ. ಹತ್ತು ಹದಿನೈದು ನಿಮಿಷ ಬಸಿಯಲು ಬಿಡಿ.

ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲ ಕೆಲವು ಸುತ್ತು ಬರಿ ಬೆರಳಿಂದ ತಿರುಗಿಸಿ. ಬಿಗಿಯ ಲೆಕ್ಕ ಕೈಪಿಡಿಯಲ್ಲಿದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್. ಸೋರೀತೆಂಬ ಹೆದರಿಕೆಗೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯುವುದೇ ದೊಡ್ಡ ತಪ್ಪು. ಸಂಪ್ (ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಅಲ್ಯೂಮಿನಿಯಮ್ಮಿನದಾದರೆ ಬೋಲ್ಟ್ ಕೂರುವ ತೂತಿನ ತಿರುಪು ಸವೆದು ಸಂಪನ್ನೇ ಬದಲಿಸಬೇಕಾದೀತು.

ಫಿಲ್ಟರ್

ಹಳೆ ಫಿಲ್ಟರ್ ತೆಗೆದ ಕೂಡಲೇ ಅದರ ರಬ್ಬರ್ ರಿಂಗ್ ಜೊತೆಗೇ ಬಂದಿದೆಯೇ ನೋಡಿ. ಎಷ್ಟೋ ಸಲ ಅದು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎರಡು ರಿಂಗ್‌ಗಳು ಒಂದರ ಮೇಲೊಂದು ಜಾರಿ, ಇಂಜಿನ್ ಓಡುವಾಗ ಆಯಿಲ್ಲೆಲ್ಲ ಕ್ಷಣಮಾತ್ರದಲ್ಲಿ ಹೊರಗೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. ಫಿಲ್ಟರಿನ ಮೇಲೆಯೇ ಬೇರೆ ಲೆಕ್ಕ ಅಚ್ಚಾಗಿದ್ದರೆ ಅದರಂತೆ ಮಾಡಿ.

ತುಂಬುವುದು, ನೋಡುವುದು

ಹೇಳಿದ ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ, ಮುಚ್ಚಳ ಮುಚ್ಚಿ ಇಂಜಿನ್ ಶುರು ಮಾಡಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಆಫ್ ಮಾಡಿ. ಆಕ್ಸಲರೇಟರ್ ಒತ್ತದೆ ಇಂಜಿನ್ನನ್ನು ನಿಂತಲ್ಲೇ ಎರಡು ನಿಮಿಷ ಓಡಲು ಬಿಟ್ಟು, ದೂರದಿಂದಲೇ ಟಾರ್ಚ್ ಬಿಟ್ಟು ಬೋಲ್ಟ್, ಫಿಲ್ಟರ್ ನೋಡಿ. ನಂತರ ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿ. ಮುಂಭಾಗ ಎತ್ತಿರುವಾಗ ಅಥವಾ ಇಳಿಜಾರಿನಲ್ಲಿ ನೋಡಿದ ಮಟ್ಟ ಸುಳ್ಳು. ಮೇಲಿನ ಗುರುತಿನ ಹತ್ತಿರಕ್ಕೆ ಬರುವಷ್ಟು ಸ್ವಲ್ಪ ಸ್ವಲ್ಪವೇ ಸೇರಿಸಿ, ದಾಟಿಸಬೇಡಿ. ಹೆಚ್ಚಾದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಆ ಆಯಿಲ್ಲನ್ನು ಕಡೆದು ನೊರೆ ಮಾಡುತ್ತದೆ, ಸೀಲ್‌ಗಳು ಸೋರತೊಡಗುತ್ತವೆ.

ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವಷ್ಟೇ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಬಿಳಿ ಲೋಳೆ ಕಂಡರೆ ಗಾಬರಿ ಬೇಡ. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಹಾಗೇ ಉಳಿದಿರುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ಲೇ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದ್ದರೆ ಗ್ಯಾರೇಜ್ ದಾರಿ ಹಿಡಿಯಿರಿ. ನೆರೆ ನೀರಿನಲ್ಲಿ ಮುಳುಗಿದ್ದ ಕಾರಾದರೆ ಶುರು ಮಾಡದೆ ಎಳೆಸಿಕೊಂಡೇ ಹೋಗಬೇಕು.

ಕಡಿಮೆ ಓಡುವ ಕಾರಿಗೆ ಕಿಲೋಮೀಟರಿಗಿಂತ ತಿಂಗಳ ಲೆಕ್ಕ ಮುಖ್ಯ. ಕೈಪಿಡಿ 10,000 ಕಿ.ಮೀ. ಅಥವಾ 12 ತಿಂಗಳು ಎಂದಿದ್ದರೆ, ಯಾವುದು ಮೊದಲೋ ಅದು.

ಹಳೆ ಆಯಿಲ್

ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಕರಿ ಆಯಿಲ್ ಬಳಿಯುವ ರೂಢಿ ಇದೆ. ಬಿಟ್ಟುಬಿಡಿ. ಅದರಲ್ಲಿ ಇಂಜಿನ್ ಸವೆದ ಲೋಹ ಮತ್ತು ಸುಟ್ಟ ಆಯಿಲ್ಲಿನ ವಿಷವಿರುತ್ತದೆ, ಮೊದಲ ಮಳೆಗೇ ತೊಳೆದು ತೋಟಕ್ಕೆ, ಬಾವಿಗೆ ಇಳಿಯುತ್ತದೆ. ಹಳ್ಳಕ್ಕೆ ಸುರಿದರೆ ಕೊನೆಗೆ ಸೇರುವುದು ಅಳಿವೆಯನ್ನು. ಅಘನಾಶಿನಿಯ ಅಳಿವೆಯಲ್ಲಿ ಜನ ಬಳಚು (ಚಿಪ್ಪುಜೀವಿ) ಆರಿಸಿ ಬದುಕುತ್ತಾರೆ, 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ.

ಖಾಲಿಯಾದ ಹೊಸ ಆಯಿಲ್ ಡಬ್ಬಿಗೇ ತುಂಬಿ, ಮೇಲೆ ‘ಹಳೆ ಆಯಿಲ್’ ಎಂದು ಬರೆದು, ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ನೀರು, ಕೂಲಂಟ್, ಪೆಟ್ರೋಲ್ ಬೆರೆತರೆ ಯಾರೂ ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನು ರಾತ್ರಿಯಿಡೀ ಟ್ರೇಯಲ್ಲಿ ಬೋರಲು ಇಟ್ಟು ಬಸಿದ ಮೇಲೆ ಅದರ ಜೊತೆಗೇ ಕೊಡಿ. ನೆಲಕ್ಕೆ ಬಿದ್ದದ್ದಕ್ಕೆ ನೀರು ಹೊಯ್ಯದೆ ಮರದ ಹುಡಿ ಹಾಕಿ, ಹೀರಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ. ಆ ಚೀಲವೂ ಗ್ಯಾರೇಜಿಗೇ ಹೋಗಲಿ, ಬಚ್ಚಲ ಒಲೆಗೆ ಬೇಡ. ರಾತ್ರಿ ಕಾರಿನ ಅಡಿಗೆ ಒಂದು ರಟ್ಟು ಹಾಸಿಟ್ಟಿದ್ದರೆ, ಮರುದಿನ ಬೆಳಿಗ್ಗೆ ಕಾರು ತೆಗೆಯುವ ಮೊದಲು ಹನಿ ಬಿದ್ದಿದೆಯೋ ಇಲ್ಲವೋ ಅದರ ಮೇಲೇ ಕಾಣುತ್ತದೆ.