ಹಳೆಯ ಮೋಟಾರ್ ಸೈಕಲ್ಲಿಗೆ ಬೇರೆ ಸೈಲೆನ್ಸರ್ ಕೂರಿಸುವ ಕ್ರಮ

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದಾಗ ಈ ಆವಿ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ. ಆದರೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿಬಿಡುವ ಬೈಕಿನಲ್ಲಿ ಅದು ಸೈಲೆನ್ಸರಿನ ತಣ್ಣಗಿನ ಒಡಲಲ್ಲಿ ಹನಿಗಟ್ಟಿ, ಹೊಗೆಯ ಆಮ್ಲಾಂಶವನ್ನು ಕೂಡಿಕೊಂಡು ತಗಡನ್ನು ಒಳಗಿನಿಂದ ತಿನ್ನತೊಡಗುತ್ತದೆ. ಆದ್ದರಿಂದಲೇ ಮೇಲೆ ಕ್ರೋಮ್ ಹೊಳೆಯುತ್ತಿರುವಾಗಲೇ ಕೆಳಭಾಗದ ಬೆಸುಗೆಯ ಸಾಲಿನಲ್ಲಿ ತೂತು ಬೀಳುತ್ತದೆ. ಮೂಲ ತಯಾರಕರು ಬಿಡಿಭಾಗ ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿರುವ ಮಾದರಿಗಳಿಗೆ ಆಗ ಉಳಿಯುವ ದಾರಿ ಎಂದರೆ ಬೇರೆಯವರು ಮಾಡಿದ ಸೈಲೆನ್ಸರ್. ಅದನ್ನು ಕೂರಿಸುವುದು ನಾಲ್ಕು ನಟ್ಟುಗಳ ಕೆಲಸದಂತೆ ಕಾಣುತ್ತದೆ. ನಿಜದಲ್ಲಿ ಶ್ರಮದ ಮುಕ್ಕಾಲು ಪಾಲು ಹಳೆಯದನ್ನು ಬಿಚ್ಚುವುದರಲ್ಲಿಯೂ, ಕೂರಿಸಿದ ಮೇಲೆ ಗಾಳಿ ಪೆಟ್ರೋಲುಗಳನ್ನು ಬೆರೆಸುವ ಕಾರ್ಬುರೇಟರನ್ನು ಹೊಸದಕ್ಕೆ ಹೊಂದಿಸುವುದರಲ್ಲಿಯೂ ಇದೆ.

ಕೊಳ್ಳುವ ಮೊದಲು ಅಳತೆ ತೆಗೆದುಕೊಳ್ಳಬೇಕು. ಎಂಜಿನ್ನಿನಿಂದ ಹೊರಟು ಬಾಗಿ ಬರುವ ಬೆಂಡ್ ಪೈಪ್ ಗಟ್ಟಿಯಾಗಿದ್ದರೆ ಹಿಂದಿನ ಸೈಲೆನ್ಸರನ್ನಷ್ಟೇ ಬದಲಿಸಿದರೆ ಸಾಕು. ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲ್ಮುಚ್ಚಳದ, ಸ್ಟಡ್ಡುಗಳನ್ನು (ಬೆಂಡ್ ಪೈಪನ್ನು ಹಿಡಿದಿಡುವ ತಲೆಯಿಲ್ಲದ ಬೋಲ್ಟುಗಳನ್ನು) ಮುಟ್ಟದೆ ಮುಗಿಯುವ ಕೆಲಸಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಬೆಂಡ್ ಪೈಪಿನ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಎರಡು ಮೂರು ದಿಕ್ಕಿನಲ್ಲಿ ಅಳೆಯಬೇಕು, ಏಕೆಂದರೆ ಹಳೆಯ ಕ್ಲಾಂಪ್ ಬಿಗಿದ ಜಾಗದಲ್ಲಿ ಕೊಳವೆ ಗುಂಡಗೆ ಉಳಿದಿರುವುದಿಲ್ಲ. ಹೊಸ ಸೈಲೆನ್ಸರಿನ ಒಳವ್ಯಾಸ ಇದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚಿದ್ದರೆ ಸರಿಹೋಗುತ್ತದೆ. ಎರಡು ಮಿಲಿಮೀಟರಿನ ಸಡಿಲವನ್ನು ಕ್ಲಾಂಪಿನ ಬಲದಿಂದಲೇ ಮುಚ್ಚಲು ಹೋಗದೆ ನಡುವೆ ತಕ್ಕ ಅಳತೆಯ ಸ್ಲೀವ್ ಹಾಕಬೇಕು. ಬ್ರಾಕೆಟ್ಟಿನ ತೂತು ಚೌಕಟ್ಟಿನ ಯಾವ ಜಾಗಕ್ಕೆ ಬರುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಅನೇಕ ಹಳೆಯ ಬೈಕುಗಳಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆದ್ದಾಗ ಒರಗುವ ರಬ್ಬರಿನ ತಡೆ ಇರುವುದು ಹಳೆಯ ಸೈಲೆನ್ಸರಿನ ಮೈಮೇಲೆಯೇ. ಹೊಸದರಲ್ಲಿ ಅದು ಇಲ್ಲದಿದ್ದರೆ ಸ್ಟ್ಯಾಂಡ್ ಇನ್ನೂ ಮೇಲಕ್ಕೆ ಹೋಗಿ ಚೈನಿಗೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ತಾಗುತ್ತದೆ. ಈ ಸಣ್ಣ ರಬ್ಬರ್ ತುಂಡನ್ನು ಮರೆತವರು ಬಹಳ.

ಆಯ್ಕೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಬದಿಗಿಡಬೇಕು. ಎಂಜಿನ್ನಿಗೆ ಹಿಂದೊತ್ತಡ (ಹೊರಹೋಗುವ ಹೊಗೆಗೆ ಕೊಳವೆ ಒಡ್ಡುವ ತಡೆ) ಬೇಕೇ ಬೇಕು ಎಂದು ಕೆಲವರೂ, ಕೊಳವೆ ದಪ್ಪವಾದಷ್ಟೂ ಶಕ್ತಿ ಹೆಚ್ಚು ಎಂದು ಇನ್ನು ಕೆಲವರೂ ಹೇಳುತ್ತಾರೆ. ಎರಡೂ ಸರಿಯಲ್ಲ. ಕೊಳವೆಯೊಳಗೆ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಪ್ರತಿ ಬಡಿತವೂ ತನ್ನ ಹಿಂದೆ ಒಂದು ಎಳೆತವನ್ನು ಬಿಟ್ಟು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆ ಸೆಳೆಯುತ್ತದೆ. ತೆಳುವಾದ ಉದ್ದನೆಯ ಕೊಳವೆಯಲ್ಲಿ ಈ ಸೆಳೆತ ಕಡಿಮೆ ವೇಗದಲ್ಲಿ ಚೆನ್ನಾಗಿ ಕೂಡಿಬರುತ್ತದೆ, ಗಿಡ್ಡನೆಯ ದಪ್ಪ ಕೊಳವೆಯಲ್ಲಿ ಹೆಚ್ಚಿನ ವೇಗದಲ್ಲಿ ಕೂಡಿಬರುತ್ತದೆ. ನಿತ್ಯ ಓಡಾಟದ ಹಳೆಯ ಬೈಕಿಗೆ ದಪ್ಪ ಕೊಳವೆ ಹಾಕಿದರೆ ಸದ್ದು ಏರುತ್ತದೆ, ಕೆಳಗಿನ ಗೇರುಗಳ ಎಳೆತ ಇಳಿಯುತ್ತದೆ. ಮೂಲ ಬೆಂಡ್ ಪೈಪಿನ ವ್ಯಾಸಕ್ಕೆ ಹತ್ತಿರವಾದುದನ್ನೇ ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಬಿಚ್ಚುವ ಕೆಲಸ. ಹೆಡ್ಡಿನ ಬಾಯಲ್ಲಿರುವ ಸ್ಟಡ್ಡುಗಳು ಸಾಮಾನ್ಯವಾಗಿ 6 ಅಥವಾ 8 ಮಿಲಿಮೀಟರಿನ ಉಕ್ಕಿನವು. ಅವು ಕೂತಿರುವುದು ಬಹುಪಾಲು ಬೈಕುಗಳಲ್ಲಿ ಅಲ್ಯೂಮಿನಿಯಂ ಹೆಡ್ಡಿನಲ್ಲಿ. ಸಾವಿರಾರು ಬಾರಿ ಕಾದು ತಣಿದ ನಟ್ಟು ಸ್ಟಡ್ಡಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಸ್ಪ್ಯಾನರ್ ಹಾಕಿ ಒಂದೇ ಸಲಕ್ಕೆ ಬಲ ಬಿಟ್ಟರೆ ನಟ್ಟಿನ ಬದಲು ಸ್ಟಡ್ಡೇ ತಿರುಚಿ ಮುರಿಯುತ್ತದೆ. ನಾನು ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕಿದಾಗ ಹತ್ತು ನಿಮಿಷದ ಆತುರಕ್ಕೆ ಒಂದು ಸ್ಟಡ್ಡನ್ನು ಮುರಿದು, ಅದನ್ನು ತೆಗೆಸಲು ಹೆಡ್ಡನ್ನೇ ಇಳಿಸಬೇಕಾಯಿತು. ಆ ಮೇಲೆ ಕಲಿತ ಕ್ರಮ ಇದು: ಕೆಲಸ ಇಟ್ಟುಕೊಳ್ಳುವ ದಿನಕ್ಕೆ ನಾಲ್ಕೈದು ದಿನ ಮುಂಚೆಯೇ ಸ್ಟಡ್ಡಿನ ಥ್ರೆಡ್ಡನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಎಂಜಿನ್ ತಣ್ಣಗಿರುವಾಗ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ನಟ್ಟಿನ ಬುಡಕ್ಕೆ ಬಿಡಬೇಕು, ಪ್ರತಿ ಸಂಜೆ ಹೀಗೆ ಮಾಡಿ, ನಡುನಡುವೆ ಬೈಕನ್ನು ಎಂದಿನಂತೆ ಓಡಿಸುತ್ತಿರಬೇಕು. ಕಾಯುವ ತಣಿಯುವ ಈ ಆವರ್ತನೆಯೇ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಬಿಟ್ಟ ಮೇಲೆ ಮೊದಲ ಸಲ ಎಂಜಿನ್ ಕಾದಾಗ ಸ್ವಲ್ಪ ಹೊಗೆ ಏಳುವುದು ಸಹಜ. ಬೆಂಡ್ ಪೈಪ್ ಬಿಸಿಯಿರುವಾಗ ಮಾತ್ರ ಎಣ್ಣೆ ಸಿಂಪಡಿಸಬಾರದು, ಅದು ಹೊತ್ತಿಕೊಳ್ಳಬಲ್ಲದು.

ಬಿಚ್ಚುವಾಗ ಆರು ಮೂಲೆಯ ಬಾಕ್ಸ್ ಸ್ಪ್ಯಾನರನ್ನೇ ಬಳಸಬೇಕು, ಹನ್ನೆರಡು ಮೂಲೆಯದು ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಅಷ್ಟೇ ಹಿಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಎಡಕ್ಕೆ ಅರ್ಧ ಸುತ್ತು: ಹೀಗೆ ಕೈ ಹೇಳಿದಂತೆ ಹೋಗಬೇಕು. ನಟ್ಟು ತಿರುಗುವಾಗ ಬಿಗಿ ಕಡಿಮೆಯಾಗದೆ ರಬ್ಬರಿನಂತೆ ಎಳೆಯುತ್ತಿರುವ ಅನುಭವ ಬಂದರೆ ತಿರುಗುತ್ತಿರುವುದು ನಟ್ಟಲ್ಲ, ತಿರುಚಿಕೊಳ್ಳುತ್ತಿರುವ ಸ್ಟಡ್ಡು, ಅಲ್ಲಿಯೇ ನಿಲ್ಲಿಸಬೇಕು. ಆಗ ಶಾಖ ಕೊಡಬೇಕಾಗುತ್ತದೆ. ಅದಕ್ಕೆ ಮೊದಲು ಟ್ಯಾಂಕನ್ನು ಇಳಿಸಿ ದೂರವಿಟ್ಟು, ಕಾರ್ಬುರೇಟರಿನಲ್ಲಿರುವ ಪೆಟ್ರೋಲನ್ನು ಹೊರಗೆ ಬಿಟ್ಟು, ಸಿಡಿದ ಎಣ್ಣೆಯನ್ನು ಒರೆಸಿರಬೇಕು. ನಟ್ಟು ಸಿಕ್ಕಿಕೊಂಡಿದ್ದರೆ ಜ್ವಾಲೆಯನ್ನು ನಟ್ಟಿಗೂ, ಸ್ಟಡ್ಡು ಹೆಡ್ಡಿನಲ್ಲಿ ಸಿಕ್ಕಿಕೊಂಡಿದ್ದರೆ ಅದರ ಸುತ್ತಲಿನ ಹೆಡ್ಡಿಗೂ ಹಿಡಿಯಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ತೂತು ಸಡಿಲವಾಗುತ್ತದೆ. ಆದರೆ ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿಯೇ ಬಿಡುತ್ತದೆ. ಆದ್ದರಿಂದ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬಾರದು.

ಇಷ್ಟಾದರೂ ಸ್ಟಡ್ಡು ಮುರಿದರೆ, ಹೊರಗೆ ಉಳಿದ ತುಂಡಿನ ಮೇಲೆ ಹೊಸ ನಟ್ಟನ್ನು ಇಟ್ಟು ನಟ್ಟಿನ ತೂತಿನೊಳಗಿನಿಂದ ವೆಲ್ಡ್ ಮಾಡಿಸಿ, ಕೆಂಪು ಇಳಿಯುವ ಹೊತ್ತಿಗೆ ತಿರುಗಿಸುವುದೇ ಹೆಚ್ಚು ಸಲ ಫಲ ಕೊಡುವ ಉಪಾಯ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಿರಬೇಕು. ಸ್ಟಡ್ಡಿಗೆ ತೂತು ಕೊರೆದು ಒಳಗೆ ಕಚ್ಚಿಸಿ ತಿರುಗಿಸುವ ಈಜಿ-ಔಟ್ ಎಂಬ ಸಾಧನವನ್ನು ಇಲ್ಲಿ ನಾನು ಬಳಸುವುದಿಲ್ಲ, ಏಕೆಂದರೆ ಅದು ಒಳಗೇ ಮುರಿದರೆ ಅಷ್ಟು ಗಡಸಾದ ಉಕ್ಕನ್ನು ಸಾಧಾರಣ ಡ್ರಿಲ್ ಬಿಟ್ ಕೊರೆಯಲಾರದು. ಥ್ರೆಡ್ ಹೋಗಿದ್ದರೆ ಹೊಸ ಥ್ರೆಡ್ಡಿನ ಕೆಲಸ ಮಾಡುವ ತಂತಿಸುರುಳಿಯಾದ ಹೆಲಿಕಾಯಿಲ್ ಹಾಕಿಸಬಹುದು. ಜಾವಾ, ನಾರ್ಟನ್ ಕಮಾಂಡೊ ಮುಂತಾದವುಗಳಲ್ಲಿ ಸ್ಟಡ್ಡುಗಳೇ ಇರುವುದಿಲ್ಲ. ಹೆಡ್ಡಿಗೋ ಸಿಲಿಂಡರಿಗೋ ನೇರವಾಗಿ ತಿರುಗುವ ದೊಡ್ಡ ಬಳೆಯಂಥ ನಟ್ಟು ಬೆಂಡ್ ಪೈಪನ್ನು ಹಿಡಿದಿರುತ್ತದೆ. ಅದಕ್ಕೆ ಕೊಕ್ಕೆಯಾಕಾರದ ಸ್ಪ್ಯಾನರ್ ಬೇಕು. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸುವವರೇ ಎಂಜಿನ್ನಿನ ಥ್ರೆಡ್ಡನ್ನು ಹಾಳುಮಾಡುವವರು.

ಬೆಂಡ್ ಪೈಪ್ ಹೊರಬಂದ ಮೇಲೆ ಬೆಳಕು ಬಿಟ್ಟು ಹೆಡ್ಡಿನ ಬಾಯೊಳಗೆ ನೋಡಬೇಕು. ಅಲ್ಲಿ ತಾಮ್ರದ ಒಂದು ಉಂಗುರ ಇರುತ್ತದೆ, ಆದರೆ ವರ್ಷಗಟ್ಟಲೆ ಒತ್ತಡಕ್ಕೆ ಚಪ್ಪಟೆಯಾಗಿ ಮಸಿ ಹಿಡಿದು ಹೆಡ್ಡಿನದೇ ಭಾಗವೆಂಬಂತೆ ತೋರುತ್ತದೆ. ಅದರ ಮೇಲೆಯೇ ಹೊಸ ಪ್ಯಾಕಿಂಗ್ ಕೂರಿಸಿದರೆ ಬೆಂಡ್ ಪೈಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫ್ಲೇಂಜ್ ನೇರವಾಗಿ ಕೂರದೆ ಹೊಗೆ ಸೋರುತ್ತಲೇ ಇರುತ್ತದೆ. ಮೊನಚಾದ ಕೊಕ್ಕೆಯಿಂದ ಒಂದು ಅಂಚನ್ನು ಎಬ್ಬಿಸಿ ಹೊರಗೆ ತೆಗೆಯಬೇಕು, ಗಚ್ಚುಗಟ್ಟಿದ ಮಸಿಯನ್ನು ಮರದ ಚೂರಿನಿಂದಲೋ ಹಿತ್ತಾಳೆಯ ಬ್ರಷ್ಷಿನಿಂದಲೋ ಕೆರೆಯಬೇಕು. ಬೀಳುವ ಮಸಿ ಒಳಗೆ ಹೋಗದಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ನಿಲ್ಲಿಸಿ, ಬಾಯಿಗೆ ಬಟ್ಟೆ ತುರುಕಬಹುದು. ಆ ಬಟ್ಟೆಯನ್ನು ಮರಳಿ ತೆಗೆಯುವುದನ್ನು ಮರೆಯಬಾರದು.

ಕೂರಿಸುವಾಗ ಪಾಲಿಸಬೇಕಾದ ನಿಯಮ ಒಂದೇ: ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಬಳಿಕ ಹೆಡ್ಡಿನಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಹೊಸ ತಾಮ್ರದ ಉಂಗುರ ಜಾರಿ ಬೀಳದಂತೆ ಅದಕ್ಕೆ ಒಂದು ಬಿಂದು ಗ್ರೀಸ್ ಸವರಿ ಬಾಯಲ್ಲಿ ನಿಲ್ಲಿಸಬೇಕು. ಸ್ಟಡ್ಡುಗಳ ಥ್ರೆಡ್ಡಿಗೆ ಶಾಖ ತಾಳುವ ತಾಮ್ರದ ಪೇಸ್ಟ್ ತೆಳುವಾಗಿ ಹಚ್ಚಬೇಕು, ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ಬೆಂಡ್ ಪೈಪನ್ನು ಕೂರಿಸಿ ನಟ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ಬಿಟ್ಟು, ಸೈಲೆನ್ಸರನ್ನು ಹಿಂದಿನಿಂದ ತೂರಿಸಿ, ಹಿಂದಿನ ಬೋಲ್ಟನ್ನು ಬ್ರಾಕೆಟ್ಟಿನಲ್ಲಿ ಹಾಯಿಸಬೇಕು. ಬೋಲ್ಟು ಯಾವ ಎಳೆತವೂ ಇಲ್ಲದೆ ತಾನಾಗಿ ಒಳಗೆ ಹೋದರೆ ಜೋಡಣೆ ಸರಿಯಾಗಿದೆ. ಸೈಲೆನ್ಸರನ್ನು ಮೊಣಕಾಲಿನಿಂದ ಒತ್ತಿ ತೂತಿಗೆ ತೂತು ಸೇರಿಸಬೇಕಾಗಿ ಬಂದರೆ ಅಲ್ಲಿ ವಾಷರ್ ಬೇಕು ಅಥವಾ ಬ್ರಾಕೆಟ್ಟನ್ನು ತಿದ್ದಬೇಕು; ಹಾಗೇ ಬಿಗಿದರೆ ಆ ಬಿಗಿತವೂ ಎಂಜಿನ್ನಿನ ಅದುರುವಿಕೆಯೂ ಸೇರಿ ಕೆಲವೇ ತಿಂಗಳಲ್ಲಿ ಬ್ರಾಕೆಟ್ಟಿನ ಬೆಸುಗೆಯನ್ನು ಸೀಳುತ್ತವೆ, ಇಲ್ಲವೇ ಸ್ಟಡ್ಡನ್ನು ಮುರಿಯುತ್ತವೆ. ಬೈಕಿನ ಕೈಪಿಡಿಯಲ್ಲಿ ಹೇಳಿದ ಬಿಗಿತವೇ ಪ್ರಮಾಣ. ಅದು ಸಿಗದಿದ್ದರೆ 6 ಮಿಲಿಮೀಟರಿನ ಸ್ಟಡ್ಡಿಗೆ 10 ನ್ಯೂಟನ್ ಮೀಟರ್, 8 ಮಿಲಿಮೀಟರಿನದಕ್ಕೆ 20 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ನಿಲ್ಲಿಸಬೇಕು, ಮತ್ತು ಎರಡು ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು ಫ್ಲೇಂಜ್ ಓರೆಯಾಗದಂತೆ ನೋಡಿಕೊಳ್ಳಬೇಕು.

ಬಿಗಿದ ಮೇಲೆ ಬೈಕಿನ ಹಿಂಬದಿಯ ಮೇಲೆ ಒಬ್ಬರನ್ನು ಕೂರಿಸಿ ಸಸ್ಪೆನ್ಷನ್ ಕುಸಿದಾಗ ಸ್ವಿಂಗ್ ಆರ್ಮ್ ಕೊಳವೆಗೆ ತಾಗುತ್ತದೆಯೇ, ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆಯೇ, ಎಣ್ಣೆ ಇಳಿಸುವ ಬೋಲ್ಟಿಗೆ ಸ್ಪ್ಯಾನರ್ ಸಿಗುತ್ತದೆಯೇ, ಹಿಂದಿನ ಚಕ್ರದ ಆಕ್ಸಲ್ ಹೊರಬರಲು ದಾರಿ ಇದೆಯೇ ಎಂದು ನೋಡಬೇಕು. ನಂತರ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಕೊಳವೆಯನ್ನು ಪೂರ್ತಿಯಾಗಿ ಒರೆಸಿ, ಸ್ಪಿರಿಟ್ ಆರಿದ ಮೇಲೆಯೇ ಎಂಜಿನ್ ಚಾಲು ಮಾಡಬೇಕು. ಬೆರಳಿನ ಜಿಡ್ಡು ಮೊದಲ ಶಾಖಕ್ಕೆ ಸುಟ್ಟು ಕ್ರೋಮಿನ ಮೇಲೆ ಅಳಿಸಲಾಗದ ಗುರುತು ಬಿಡುತ್ತದೆ. ಮೊದಲ ಚಾಲನೆ ಬಯಲಿನಲ್ಲಿ ಆಗಬೇಕು. ಎಂಜಿನ್ ಓಡುತ್ತಿರುವಾಗ ಹಿಂದಿನ ಬಾಯಿಯನ್ನು ದಪ್ಪ ಬಟ್ಟೆಯಿಂದ ಕ್ಷಣಕಾಲ ಅರ್ಧ ಮುಚ್ಚಿದರೆ ಸೋರುವ ಜಾಗ ಚಿಕ್ ಚಿಕ್ ಎಂದು ತಾನೇ ಹೇಳುತ್ತದೆ. ಪೂರ್ತಿ ತಣಿದ ಮೇಲೆ ಎಲ್ಲ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು, ತಾಮ್ರದ ಉಂಗುರ ಮೊದಲ ಶಾಖಕ್ಕೆ ಇನ್ನಷ್ಟು ಅಮರಿಕೊಂಡಿರುತ್ತದೆ.

ಈಗ ಕಾರ್ಬುರೇಟರ್. ಹೊಗೆ ಹಗುರವಾಗಿ ಹೊರಹೋಗತೊಡಗಿದರೆ ಒಳಗೆ ಗಾಳಿ ಹೆಚ್ಚು ಬರುತ್ತದೆ, ಪೆಟ್ರೋಲ್ ಅದಕ್ಕೆ ತಕ್ಕಷ್ಟು ಏರದೆ ಮಿಶ್ರಣ ತೆಳುವಾಗಬಹುದು. ತೆಳು ಮಿಶ್ರಣದಲ್ಲಿ ಎಂಜಿನ್ ಅತಿಯಾಗಿ ಕಾಯುತ್ತದೆ. ಆಕ್ಸಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದು ಇದರ ಒಂದು ಲಕ್ಷಣ. ಆದರೆ ಸೋರುವ ಜೋಡಣೆಯಿಂದ ಹೊರಗಾಳಿ ಒಳನುಗ್ಗಿದರೂ ಹಾಗೇ ಸಿಡಿಯುವುದರಿಂದ, ಜೆಟ್ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡು) ಮುಟ್ಟುವ ಮೊದಲು ಸೋರಿಕೆ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆಕ್ಸಲರೇಟರ್ ಮುಚ್ಚಿದ ಸ್ಥಿತಿಯಿಂದ ಕಾಲುಭಾಗದವರೆಗೆ ಪೈಲಟ್ ಜೆಟ್ಟೂ ಮಿಶ್ರಣದ ಸ್ಕ್ರೂವೂ, ಅಲ್ಲಿಂದ ಮುಕ್ಕಾಲಿನವರೆಗೆ ಸೂಜಿಯೂ, ಆ ಮೇಲೆ ಮೇನ್ ಜೆಟ್ಟೂ ಮುಖ್ಯವಾಗಿ ಕೆಲಸ ಮಾಡುತ್ತವೆ. ಯಾವ ಹಂತದಲ್ಲಿ ಎಂಜಿನ್ ಮುಗ್ಗರಿಸುತ್ತದೆಯೋ ಆ ಭಾಗವನ್ನಷ್ಟೇ ಬದಲಿಸಬೇಕು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಮಿಶ್ರಣದ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯದು, ಒಳಕ್ಕೆ ತಿರುಗಿಸಿದರೆ ಮಿಶ್ರಣ ದಪ್ಪವಾಗುತ್ತದೆ. ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದಾಗ ದಪ್ಪವಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಉಲ್ಟಾ ತಿರುಗಿಸಿ ದಿನವಿಡೀ ಬಳಲಿದವರನ್ನು ಕಂಡಿದ್ದೇನೆ. ಮೇನ್ ಜೆಟ್ಟನ್ನು ಒಂದು ಸಲಕ್ಕೆ ಒಂದೇ ಅಳತೆ ಏರಿಸಿ, ಖಾಲಿ ರಸ್ತೆಯಲ್ಲಿ ಓಡಿಸಿ ಪ್ಲಗ್ ನೋಡಬೇಕು: ಬಿಳಿಚಿಕೊಂಡಿದ್ದರೆ ತೆಳು, ಒಣ ಮಸಿ ಹಿಡಿದಿದ್ದರೆ ದಪ್ಪ, ತಿಳಿ ಕಂದು ಇದ್ದರೆ ಸರಿ. ಮೂಲ ಮಾದರಿಯಂತೆಯೇ ಒಳಗೆ ಅಡೆತಡೆಯಿರುವ ಸೈಲೆನ್ಸರಿಗೆ ಎಷ್ಟೋ ಸಲ ಯಾವ ಬದಲಾವಣೆಯೂ ಬೇಕಾಗುವುದಿಲ್ಲ.

ಟೂ ಸ್ಟ್ರೋಕ್ ಎಂಜಿನ್ನಿನ ಕಥೆ ಬೇರೆ. ಅಲ್ಲಿ ನಡುವೆ ಉಬ್ಬಿ ಮತ್ತೆ ಕಿರಿದಾಗುವ ಕೋಣೆಯು ಹೊಗೆಯ ಬಡಿತವನ್ನು ಹಿಂದಕ್ಕೆ ಕಳಿಸಿ, ಹೊರಗೆ ತಪ್ಪಿಸಿಕೊಳ್ಳುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ರೇಸ್ ಬೈಕುಗಳಿಗಾಗಿ ಎಂಜಿನಿಯರ್ ವಾಲ್ಟರ್ ಕಾಡೆನ್ ಈ ವಿದ್ಯೆಯನ್ನು ಪಳಗಿಸಿದರು. ಈ ಕೋಣೆಯ ಅಳತೆ ಆಯಾ ಎಂಜಿನ್ನಿಗೇ ಹೊಂದಿಸಿದ್ದು. ಆದ್ದರಿಂದ ಬೇರೆ ಬೈಕಿನ ಚೇಂಬರನ್ನು ತಂದು ಜೋಡಿಸುವುದೂ, ಮಿಶ್ರಣ ತೆಳುವಾಗಿರುವಾಗ ಪೂರ್ತಿ ಆಕ್ಸಲರೇಟರ್ ಕೊಡುವುದೂ ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲಿ ಸಿಕ್ಕಿ ನಿಂತುಬಿಡುವ, ನೇರ ದಾರಿ.

ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಅಡೆತಡೆಯಾದ ಬ್ಯಾಫಲ್ಲನ್ನು ತೆಗೆದುಬಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಶಕ್ತಿಗಿಂತ ಗದ್ದಲವೇ ಹೆಚ್ಚುತ್ತದೆ, ಮತ್ತು ಬಹಳಷ್ಟು ದೇಶಗಳಲ್ಲಿ ಸದ್ದಿನ ಮಿತಿಯನ್ನು ಮೀರುವುದು ದಂಡನಾರ್ಹ. ಗಾಜಿನ ಉಣ್ಣೆ ತುಂಬಿದ ಸೈಲೆನ್ಸರಾದರೆ ಆ ಉಣ್ಣೆ ಕಾಲಕ್ರಮದಲ್ಲಿ ಸುಟ್ಟು ಹಾರಿಹೋಗುತ್ತದೆ, ಸದ್ದು ಒರಟಾದಾಗ ಹೊಸದು ತುಂಬಬೇಕು. ಬೆಂಡ್ ಪೈಪಿಗೆ ಸುತ್ತುವ ಶಾಖನಿರೋಧಕ ಪಟ್ಟಿಯೂ ಸಾದಾ ಉಕ್ಕಿನ ಕೊಳವೆಗೆ ಬೇಡ, ಮಳೆಯ ನೀರನ್ನು ಹಿಡಿದಿಟ್ಟು ತುಕ್ಕನ್ನು ಸಾಕುತ್ತದೆ. ಕೆಳಭಾಗದಲ್ಲಿ ನೀರು ಹೋಗಲು ತಯಾರಕರೇ ಬಿಟ್ಟ ಸಣ್ಣ ತೂತಿದ್ದರೆ ಅದನ್ನು ಮುಚ್ಚಬಾರದು. ಬಿಚ್ಚಿದ ಹಳೆಯ ಸೈಲೆನ್ಸರ್ ಎಷ್ಟೇ ತೂತು ಬಿದ್ದಿದ್ದರೂ ಗುಜರಿಗೆ ಹಾಕಬಾರದು: ಒಳಗೆ ಎಣ್ಣೆ ಹೊಯ್ದು ಆಡಿಸಿ, ಎರಡೂ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟರೆ, ಮುಂದೊಂದು ದಿನ ಬ್ರಾಕೆಟ್ಟಿನ ಕೋನವನ್ನೋ ಒಳಕೊಳವೆಯ ಅಳತೆಯನ್ನೋ ನೋಡಬೇಕಾದಾಗ ಅದಕ್ಕಿಂತ ನಂಬಬಹುದಾದ ನಕ್ಷೆ ಸಿಗುವುದಿಲ್ಲ.