ಗಡ್ಡಕ್ಕೆ ಮೊದಲು ನೀರು, ಆಮೇಲೆ ಎಣ್ಣೆಯ ಮಾತು

ಶೇವ್ ಮಾಡುವ ಮುಂಚೆ ಮುಖಕ್ಕೆ ಎಣ್ಣೆ ಹಚ್ಚಬೇಕೇ ಎಂದು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಗಡ್ಡ ಎಷ್ಟು ಹೊತ್ತು ನೆನೆಯುತ್ತದೆ? ಮುಖಕ್ಕೆ ಎರಡು ಬೊಗಸೆ ನೀರು ಎರಚಿಕೊಂಡು, ಕ್ರೀಮ್ ಬಳಿದು, ಕೂಡಲೇ ರೇಜರ್ ಹಿಡಿಯುವವರೇ ಹೆಚ್ಚು. ಅಂಥವರು ಎಣ್ಣೆಯ ಬಾಟಲಿ ಕೊಂಡ ದಿನದಿಂದ ಶೇವ್ ಸುಧಾರಿಸಿತು ಎನ್ನುತ್ತಾರೆ. ಸುಳ್ಳಲ್ಲ, ಸುಧಾರಿಸಿರುತ್ತದೆ. ಆದರೆ ಸುಧಾರಿಸಿದ್ದು ಎಣ್ಣೆಯಿಂದಲ್ಲ, ಎಣ್ಣೆ ತಿಕ್ಕುವ ನೆಪದಲ್ಲಿ ಗಡ್ಡಕ್ಕೆ ದೊರೆತ ಮೂರು ನಿಮಿಷಗಳಿಂದ ಎಂಬುದು ನನ್ನ ವಾದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೂ ವಾದ ಮಾಡುವ ಚಟ ನನ್ನನ್ನು ಬಿಟ್ಟಿಲ್ಲ.

ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದಾಗ ಅದು ಬಿರುಸು. ನೀರು ಕುಡಿದಾಗ ಉಬ್ಬಿ ಮೆತ್ತಗಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ. ಎಣ್ಣೆಗೆ ಈ ಕೆಲಸ ಬಾರದು. ಅದು ಮಾಡುವುದು ಬೇರೆಯದೇ ಕೆಲಸ: ಚರ್ಮಕ್ಕೂ ಬ್ಲೇಡಿಗೂ ನಡುವಿನ ಘರ್ಷಣೆಯನ್ನು ತಗ್ಗಿಸುವುದು. ಈ ಎರಡನ್ನೂ ಒಂದೇ ಎಂದು ತಿಳಿದರೆ ದುಡ್ಡು ಕೈಬಿಟ್ಟಿತು ಎಂದೇ ಲೆಕ್ಕ. ನಮ್ಮ ಕಲಬುರಗಿಯ ಹಳೆಯ ಕ್ಷೌರಿಕರು ಎಣ್ಣೆಯ ಗೋಜಿಗೆ ಹೋಗುತ್ತಿರಲಿಲ್ಲ; ಬಟ್ಟಲಿನ ನೀರಿನಲ್ಲಿ ಬೆರಳದ್ದಿ ಗಲ್ಲ, ಕೆನ್ನೆ, ಮೀಸೆಯ ಕೆಳಭಾಗವನ್ನು ಗಿರಾಕಿಗೆ ನಿದ್ದೆ ಬರುವಷ್ಟು ಹೊತ್ತು ತಿಕ್ಕುತ್ತಿದ್ದರು. ಎಣ್ಣೆಯನ್ನು ಶೇವಿಂಗಿನ ಪ್ರತ್ಯೇಕ ಹಂತವನ್ನಾಗಿ ಬಾಟಲಿಗಿಳಿಸಿ ಜೋರಾಗಿ ಮಾರಿದ್ದು ಈಚಿನ ಕಥೆ. ಇಂಗ್ಲೆಂಡಿನ ಕಿಂಗ್ ಆಫ್ ಶೇವ್ಸ್ 1993ರಲ್ಲಿ ಶುರುವಾದದ್ದೇ ಶೇವಿಂಗ್ ಎಣ್ಣೆಯಿಂದ; ನ್ಯೂಯಾರ್ಕಿನ ಆರ್ಟ್ ಆಫ್ ಶೇವಿಂಗ್ 1996ರಲ್ಲಿ ಅಂಗಡಿ ತೆರೆದು, ಎಣ್ಣೆಯನ್ನು ತನ್ನ ನಾಲ್ಕು ಹಂತಗಳಲ್ಲಿ ಮೊದಲನೆಯದಾಗಿಸಿತು.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಅಂಥದ್ದೇ ಒಂದು ಪುಟ್ಟ ಬಾಟಲಿ ತಂದು, "ಮಾವ, ಇದು ಬೇಕೋ ಬೇಡವೋ ನೀವೇ ಹೇಳಿ" ಎಂದ. ನಾನು ಹೇಳುವುದಿಲ್ಲ, ನಿನ್ನ ಮುಖವೇ ಹೇಳಲಿ ಎಂದೆ. ಅವನಿಗೆ ಹೇಳಿಕೊಟ್ಟ ಪರೀಕ್ಷೆ ಹೀಗಿದೆ.

ಹೊಸ ಬ್ಲೇಡ್ ಹಾಕಿ. ಹಳೆಯ ಬ್ಲೇಡಿನ ತಪ್ಪನ್ನು ಎಣ್ಣೆಯ ಮೇಲೋ ಕ್ರೀಮಿನ ಮೇಲೋ ಹೊರಿಸುವುದು ಅನ್ಯಾಯ. ಸ್ನಾನವಾದ ಕೂಡಲೇ ಶೇವ್ ಮಾಡುವುದು ಉತ್ತಮ. ಆಗದಿದ್ದರೆ ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ಮುಖಕ್ಕೆ ಒತ್ತಿಕೊಳ್ಳಿ. ಸೋಪು ಹಾಕಿ ಮುಖ ತೊಳೆದು, ಒರೆಸದೆ ಹಾಗೆಯೇ ಬಿಡಿ. ಈಗ ಬಲಗೆನ್ನೆಗೆ ಮಾತ್ರ ಎರಡು ಹನಿ ಎಣ್ಣೆ ಹಚ್ಚಿ ಒಂದು ನಿಮಿಷ ತಿಕ್ಕಿ. ಎಡಗೆನ್ನೆಗೆ ಬರಿಯ ಬೆಚ್ಚಗಿನ ನೀರು, ಆದರೆ ಅಷ್ಟೇ ಹೊತ್ತು, ಅಷ್ಟೇ ಶ್ರದ್ಧೆಯಿಂದ. ಪರೀಕ್ಷೆಯ ಜೀವ ಇರುವುದೇ ಇಲ್ಲಿ. ಒಂದು ಕಡೆ ತಿಕ್ಕಿ ಇನ್ನೊಂದು ಕಡೆ ಬಿಟ್ಟರೆ ನೀವು ಅಳೆದದ್ದು ತಿಕ್ಕಾಟವನ್ನು, ಎಣ್ಣೆಯನ್ನಲ್ಲ. ಆಮೇಲೆ ಎರಡೂ ಕಡೆಗೆ ಬ್ರಷ್ಷಿನಿಂದ ಒಂದೇ ನೊರೆ ಹಚ್ಚಿ, ಮೊದಲ ಸುತ್ತನ್ನು ಕೂದಲು ಬೆಳೆದ ದಿಕ್ಕಿನಲ್ಲಿ, ಎರಡನೆಯದನ್ನು ಅಡ್ಡಲಾಗಿ ತೆಗೆಯಿರಿ. ರೇಜರಿನ ಭಾರ ಸಾಕು, ಕೈಯ ಭಾರ ಬೇಡ.

ಒಂದು ವಾರ ಹೀಗೆ ಮಾಡಿ, ಮರುವಾರ ಕೆನ್ನೆಗಳನ್ನು ಅದಲು ಬದಲು ಮಾಡಿ. ಬಲಗೈಯವರ ರೇಜರು ಎರಡು ಕೆನ್ನೆಗಳ ಮೇಲೆ ಒಂದೇ ಹದದಲ್ಲಿ ಓಡುವುದಿಲ್ಲ, ಆದ್ದರಿಂದ ಈ ಬದಲಾವಣೆ ತಪ್ಪಿಸಬೇಡಿ.

ತೀರ್ಪು ಕೊಡುವುದು ಕನ್ನಡಿಯಲ್ಲ, ಪಟಿಕ. ಶೇವ್ ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆಯ ಚರ್ಮದ ಮೇಲೆ ಪಟಿಕದ ಕಲ್ಲನ್ನು ಆಡಿಸಿ. ಬ್ಲೇಡ್ ಎಲ್ಲೆಲ್ಲಿ ಚರ್ಮವನ್ನು ಕೆರೆದಿದೆಯೋ ಅಲ್ಲೆಲ್ಲ ಚುರುಗುಟ್ಟುತ್ತದೆ. ಯಾವ ಕೆನ್ನೆ ಹೆಚ್ಚು ಉರಿಯಿತು, ಎಲ್ಲಿ ಉರಿಯಿತು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಎರಡೂ ಸಮನಾಗಿದ್ದರೆ ಬಾಟಲಿಯನ್ನು ಯಾರಿಗಾದರೂ ಕೊಟ್ಟುಬಿಡಿ.

ನಿಜವಾಗಿ ಎಣ್ಣೆ ನೆರವಿಗೆ ಬರುವ ಸಂದರ್ಭಗಳಿವೆ. ಗಡ್ಡ ಬಿಟ್ಟು ಅಂಚು ತಿದ್ದುವವರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ: ನೊರೆಯಡಿ ಗೆರೆ ಮುಚ್ಚಿಹೋಗುತ್ತದೆ, ಎಣ್ಣೆಯಡಿ ಕಾಣುತ್ತದೆ. ಕುತ್ತಿಗೆಯ ಮೇಲೆ ಕೂದಲು ಚರ್ಮಕ್ಕೆ ಅಂಟಿ ಮಲಗಿರುವವರು ಒಂದೇ ಜಾಗದ ಮೇಲೆ ಪದೇ ಪದೇ ರೇಜರ್ ಆಡಿಸುತ್ತಾರೆ. ನೊರೆ ಹೋದ ಮೇಲೂ ಉಳಿಯುವ ಎಣ್ಣೆಯ ಜಾರು ಅವರನ್ನು ಕಾಯುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆಯ ಒಣಗಾಳಿಗೆ ಕೆನ್ನೆ ಬಿರಿಯುವವರಿಗೂ ಹಿತ. ಗಡಸು ನೀರಿನವರ ಕಥೆ ಬೇರೆ. ಕೊಳವೆಬಾವಿಯ ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಗಸಿಯಾಗುತ್ತದೆ, ನೊರೆ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ಅದಕ್ಕೆ ಮದ್ದು ಎಣ್ಣೆಯಲ್ಲ, ಗಡಸು ಕಳೆಯುವ ಆರ್‌ಒ ಫಿಲ್ಟರಿನ ಒಂದು ಲೋಟ ನೀರು. ಬ್ರಷ್ ನೆನೆಸಿ ನೊರೆ ಎಬ್ಬಿಸಲು ಅಷ್ಟು ಸಾಕು. ಮುಖ ತೊಳೆಯಲು ನಲ್ಲಿಯ ನೀರೇ ಇರಲಿ.

ಮೊಡವೆಯ ಮುಖದವರು ಎಣ್ಣೆಯಿಂದ ದೂರವಿರಿ. ಗಡ್ಡದಲ್ಲಿ ಹೊಟ್ಟು ಉದುರುವವರೂ ಅಷ್ಟೇ. ಆ ಹೊಟ್ಟಿಗೆ ಕುಮ್ಮಕ್ಕು ಕೊಡುವ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಕೊಬ್ಬಿನ ಮೇಲೆ. ಗುಂಗುರು ಕೂದಲು ಚರ್ಮದೊಳಕ್ಕೆ ಬಾಗಿ ಬೆಳೆದು ಗುಳ್ಳೆಯಾಗುವವರಿಗೂ ಎಣ್ಣೆ ಪರಿಹಾರವಲ್ಲ. ಅವರು ಎದುರು ದಿಕ್ಕಿನ ಸುತ್ತನ್ನೂ ಚರ್ಮ ಎಳೆದು ಹಿಡಿಯುವುದನ್ನೂ ನಿಲ್ಲಿಸಬೇಕು.

ಇನ್ನು ಯಾವ ಎಣ್ಣೆ? ಮನೆಯಲ್ಲೇ ಇರುವ ಕೊಬ್ಬರಿ ಎಣ್ಣೆ ಸಾಲದೇ ಎಂಬುದು ಎಲ್ಲರ ಪ್ರಶ್ನೆ. ತಲೆಗೂದಲಿಗೆ ಅದರ ಗುಣ ದೊಡ್ಡದು: 2003ರಲ್ಲಿ ಮಾರಿಕೋ ಕಂಪನಿಯ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿ, ಕೂದಲಿನ ಪ್ರೋಟೀನ್ ನಷ್ಟವನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು ಪ್ರಕಟಿಸಿದರು. (ಕೊಬ್ಬರಿ ಎಣ್ಣೆ ಮಾರುವವರೇ ಬರೆದದ್ದು ನಿಜ, ಆದರೂ ಕೆಲಸ ಗಟ್ಟಿಯಾದದ್ದು.) ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು, ಕೂದಲು ನೀರಿನಲ್ಲಿ ಉಬ್ಬುವುದನ್ನು ತಗ್ಗಿಸುತ್ತದೆ. ತಲೆಗೆ ಅದು ವರ. ಆದರೆ ಶೇವಿಂಗಿನಲ್ಲಿ ನಮಗೆ ಕೂದಲು ಉಬ್ಬಬೇಕು! ಒಣಗಡ್ಡಕ್ಕೆ ಕೊಬ್ಬರಿ ಎಣ್ಣೆ ಬಳಿದು ಆಮೇಲೆ ನೀರು ಹಾಕುವುದು, ಕೊಡೆ ಬಿಡಿಸಿಕೊಂಡು ಸ್ನಾನಕ್ಕೆ ನಿಂತಂತೆ. ಸಾಲದ್ದಕ್ಕೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ, ಚಳಿಗಾಲದ ಬೆಳಗ್ಗೆ ಬಾಟಲಿ ಬಿಸಿಲಿಗಿಡುತ್ತ ಕೂರಬೇಕು.

ನನ್ನ ಆಯ್ಕೆ ಹರಳೆಣ್ಣೆ. ರಿಸಿನೋಲಿಯಿಕ್ ಆಮ್ಲದ ಕಾರಣ ಅದು ಮಂದವಾಗಿದ್ದು, ಚರ್ಮದ ಮೇಲೆ ತೆಳುಪದರವಾಗಿ ನಿಲ್ಲುತ್ತದೆ. ಅದೊಂದನ್ನೇ ಹಚ್ಚಿದರೆ ಜಿಗುಟು. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಬಾದಾಮಿ ಎಣ್ಣೆ ಬೆರೆಸಿದರೆ ಹದ ಬರುತ್ತದೆ. ಮೊದಲ ಸಲ ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಮರುದಿನದವರೆಗೆ ನೋಡಿ. ಸಾಸಿವೆ ಎಣ್ಣೆ ಬೇಡ, ಉರಿಯುತ್ತದೆ. ಪರಿಮಳಕ್ಕೆಂದು ನಿಂಬೆಯದೋ ಪುದೀನದ್ದೋ ಸುಗಂಧ ತೈಲ ಸೇರಿಸುವುದು ಈಗಷ್ಟೇ ಕೆರೆದ ಚರ್ಮಕ್ಕೆ ಸಲ್ಲದು.

ಪ್ರಮಾಣದಲ್ಲಿ ಜಿಪುಣರಾಗಿ. ಇಡೀ ಮುಖಕ್ಕೆ ನಾಲ್ಕೈದು ಹನಿ, ಅದೂ ಗಡ್ಡ ಚೆನ್ನಾಗಿ ನೆನೆದ ಮೇಲೆ. ಹೆಚ್ಚಾದರೆ ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ಬ್ರಷ್ ಎಷ್ಟು ತಿರುಗಿಸಿದರೂ ನೀರುನೀರಾದ ಹಾಲಿನಂಥದ್ದು ಬರುತ್ತದೆಯೇ ಹೊರತು ಕೆನೆ ಬರುವುದಿಲ್ಲ. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆದೇ ರೇಜರ್ ಹಿಡಿಯಿರಿ, ಎಣ್ಣೆಗೈಯಲ್ಲಿ ಸ್ಟೀಲಿನ ಹಿಡಿ ನಿಲ್ಲುವುದಿಲ್ಲ. ಮೂರು ನಾಲ್ಕು ಬ್ಲೇಡುಗಳ ಕಾರ್ಟ್ರಿಜ್ ಬಳಸುವವರು ಇನ್ನೂ ಕಡಿಮೆ ಹಚ್ಚಿ, ಏಕೆಂದರೆ ಬ್ಲೇಡುಗಳ ಸಂದಿನಲ್ಲಿ ಎಣ್ಣೆ ಮತ್ತು ಕೂದಲು ಸೇರಿ ಕಟ್ಟಿಕೊಳ್ಳುತ್ತವೆ. ಎಲೆಕ್ಟ್ರಿಕ್ ಶೇವರಿಗೆಂದು ಮಾರುವ ಪ್ರಿ-ಶೇವ್ ದ್ರವಗಳನ್ನು ಇದರೊಂದಿಗೆ ಬೆರೆಸಿಕೊಳ್ಳಬೇಡಿ. ಆಲ್ಕೋಹಾಲ್ ಇರುವ ಅವು ಗಡ್ಡವನ್ನು ಒಣಗಿಸಿ ನಿಲ್ಲಿಸುತ್ತವೆ, ಒದ್ದೆ ಶೇವಿಗೆ ತದ್ವಿರುದ್ಧ.

ಅಕ್ಕನ ಮಗನ ಪಟಿಕ ಕೆನ್ನೆಯಲ್ಲಿ ಭೇದ ತೋರಿಸಲಿಲ್ಲ, ಗಂಟಲ ಕೆಳಗೆ ತೋರಿಸಿತು. ಈಗ ಅವನು ಅಲ್ಲಿಗೆ ಮಾತ್ರ ಎರಡು ಹನಿ ಹಚ್ಚುತ್ತಾನೆ. ಎಣ್ಣೆ ಹಚ್ಚಿದ ದಿನ ಬ್ರಷ್ಷಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಹಾಕಿ ತೊಳೆದು ನೇತುಹಾಕಲು ಅವನಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಇಲ್ಲದಿದ್ದರೆ ಮರುದಿನದ ನೊರೆಯೂ ಕೆಡುತ್ತದೆ. ಬಾಟಲಿಯ ಎಣ್ಣೆ ಕಮಟು ವಾಸನೆ ಹೊಡೆದರೆ ಮುಖಕ್ಕೆ ಬೇಡ, ಕೀರೆನ್ನುವ ಬಾಗಿಲಿನ ಕೀಲಿಗೆ ಹಾಕಿ.